ಹಬ್ ಮೋಟಾರಿನ ಹಾಲ್ ಸೆನ್ಸಾರ್ ಬದಲಾವಣೆ: ಮಳೆಗಾಲದಲ್ಲಿ ಕೈಕೊಟ್ಟ ವಿದ್ಯುತ್ ಸ್ಕೂಟರಿನ ರಿಪೇರಿ ದಾಖಲೆ

ಸಾಗರದಲ್ಲಿ ದಿನನಿತ್ಯದ ಓಡಾಟಕ್ಕೆ ನಾನು ಬಳಸುವ ವಿದ್ಯುತ್ ಸ್ಕೂಟರ್ ಕಡಿಮೆ ವೇಗದ ವರ್ಗಕ್ಕೆ ಸೇರಿದ್ದು. ಮೋಟಾರಿನ ಸಾಮರ್ಥ್ಯ 250 ವ್ಯಾಟ್ ಮೀರದ, ಗಂಟೆಗೆ 25 ಕಿಲೋಮೀಟರ್ ದಾಟದ ವಾಹನಕ್ಕೆ ನೋಂದಣಿ ಬೇಕಿಲ್ಲವಾದ್ದರಿಂದ ಇಂಥ ಸ್ಕೂಟರುಗಳು ಸಣ್ಣ ಊರುಗಳಲ್ಲಿ ಚೆನ್ನಾಗಿಯೇ ಮಾರಾಟವಾಗಿವೆ. ಆದರೆ ಮಾರಿದಷ್ಟು ಸಲೀಸಾಗಿ ರಿಪೇರಿ ಮಾಡಿಕೊಡುವವರು ಸಿಗುವುದಿಲ್ಲ. ಹಿಂದಿನ ಚಕ್ರದ ನಡುಭಾಗವಾದ ಹಬ್ಬಿನೊಳಗೇ ಮೋಟಾರ್ ಕೂತಿರುವ, 12 ವೋಲ್ಟಿನ ಐದು ಲೆಡ್ ಆಸಿಡ್ ಬ್ಯಾಟರಿಗಳಿಂದ 60 ವೋಲ್ಟ್ ಪಡೆಯುವ ಸಾಮಾನ್ಯ ರಚನೆ ಇದರದು.

ಆಷಾಢದ ಮಳೆ ಹಿಡಿದ ಮೇಲೆ ತೊಂದರೆ ಶುರುವಾಯಿತು. ನಿಂತಲ್ಲಿಂದ ಥ್ರಾಟಲ್ ತಿರುಗಿಸಿದರೆ ಕೆಲವೊಮ್ಮೆ ಗಾಡಿ ಸರಿಯಾಗಿಯೇ ಹೊರಡುತ್ತಿತ್ತು, ಕೆಲವೊಮ್ಮೆ ಗರ್ ಎಂದು ಅದುರಿ ಅಲ್ಲೇ ನಿಲ್ಲುತ್ತಿತ್ತು. ಕಾಲಿನಿಂದ ಒಂದು ಗೇಣು ಮುಂದಕ್ಕೆ ತಳ್ಳಿದರೆ ಮತ್ತೆ ಓಡುತ್ತಿತ್ತು, ಓಡುವಾಗಲೂ ಒಳಗೆ ಏನೋ ಜಗ್ಗಿದಂತೆ ಆಗುತ್ತಿತ್ತು. ತೋರಿಸಿದ ಕಡೆ ಮೋಟಾರನ್ನೇ ಬದಲಿಸಬೇಕೆಂದು 7,500 ರೂಪಾಯಿ ಹೇಳಿದರು, ಅದರ ಜೊತೆಗೆ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹಂಚುವ ಕಂಟ್ರೋಲರನ್ನೂ ಬದಲಿಸಿದರೆ ಒಳ್ಳೆಯದೆಂದು ಇನ್ನೂ 2,200 ಸೇರಿಸಿದರು. ಯಾವುದನ್ನೂ ಅಳೆದು ನೋಡದೆ ಹೇಳಿದ ಲೆಕ್ಕ ಅದಾಗಿತ್ತು. ಚಕ್ರ ನಿಂತ ಜಾಗವನ್ನು ಅವಲಂಬಿಸಿ ಗಾಡಿ ಹೊರಡುವುದೂ ಹೊರಡದಿರುವುದೂ ಆಗುತ್ತಿದೆ ಎಂದರೆ ಮೊದಲು ನೋಡಬೇಕಾದದ್ದು ಮೋಟಾರಿನ ಅಯಸ್ಕಾಂತಗಳನ್ನು ಗುರುತಿಸಿ ಚಕ್ರದ ಸ್ಥಾನವನ್ನು ಕಂಟ್ರೋಲರಿಗೆ ತಿಳಿಸುವ ಹಾಲ್ ಸೆನ್ಸಾರುಗಳನ್ನು. ಆ ಊಹೆಯ ಮೇಲೆ ನಡೆದ ಕೆಲಸದ ವಿವರ ಇಲ್ಲಿದೆ.

ಹಂತ 1: ಚಕ್ರ ಬಿಚ್ಚುವ ಮೊದಲು

ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 64.5 ವೋಲ್ಟ್ ಇತ್ತು, ಏರಿನಲ್ಲಿ ಓಡುವಾಗ 61ಕ್ಕಿಂತ ಕೆಳಗೆ ಇಳಿಯಲಿಲ್ಲ. ಥ್ರಾಟಲಿನ ಸಂಕೇತದ ತಂತಿಯಲ್ಲಿ ಹಿಡಿ ಬಿಟ್ಟಾಗ 0.85 ವೋಲ್ಟ್ ಇದ್ದದ್ದು ಪೂರ್ತಿ ತಿರುಗಿಸಿದಾಗ 3.9ರವರೆಗೆ ಎಲ್ಲೂ ಹಾರದೆ ಏರಿತು. ಇವೆರಡನ್ನೂ ಪಟ್ಟಿಯಿಂದ ಕೈಬಿಟ್ಟೆ.

ಸೀಟಿನ ಕೆಳಗೆ ಮೋಟಾರಿನಿಂದ ಬರುವ ಎಂಟು ತಂತಿಗಳಿವೆ. ಹಳದಿ, ಹಸಿರು, ನೀಲಿ ಬಣ್ಣದ ಮೂರು ದಪ್ಪ ತಂತಿಗಳು ಫೇಸ್‌ಗಳು, ಅಂದರೆ ಮೋಟಾರಿನ ತಾಮ್ರದ ಸುತ್ತುಗಳಿಗೆ ವಿದ್ಯುತ್ ಒಯ್ಯುವಂಥವು. ಕೆಂಪು, ಕಪ್ಪು, ಹಳದಿ, ಹಸಿರು, ನೀಲಿ ಎಂಬ ಐದು ಸಣ್ಣ ತಂತಿಗಳು ಹಾಲ್ ಸೆನ್ಸಾರಿನವು. ದಪ್ಪ ತಂತಿಗಳನ್ನು ಕಂಟ್ರೋಲರಿನಿಂದ ಕಳಚಿ, ಚಕ್ರವನ್ನು ನೆಲದಿಂದ ಎತ್ತಿ, ಎರಡೆರಡು ತಂತಿಗಳನ್ನು ಜೋಡಿಸಿ ಕೈಯಿಂದ ತಿರುಗಿಸಿ ನೋಡಿದೆ. ಮೂರು ಜೋಡಿಯಲ್ಲೂ ಚಕ್ರ ಒಂದೇ ಪ್ರಮಾಣದಲ್ಲಿ ಬಿಗಿಯಾಯಿತು, ತಂತಿಗಳನ್ನು ಬಿಡಿಸಿದಾಗ ಮೂರರಲ್ಲೂ ಹಗುರವಾಗಿ ತಿರುಗಿತು. ತಾಮ್ರದ ಸುತ್ತಿನಲ್ಲಿ ಎಲ್ಲಾದರೂ ಶಾರ್ಟ್ ಆಗಿದ್ದರೆ ತಂತಿ ಜೋಡಿಸದಿದ್ದಾಗಲೂ ಚಕ್ರ ಬಿಗಿ ಹಿಡಿಯುತ್ತಿತ್ತು. ಆದ್ದರಿಂದ ಮೋಟಾರ್ ಸುಟ್ಟಿದೆ ಎಂಬ ಮಾತಿಗೆ ಆಧಾರ ಉಳಿಯಲಿಲ್ಲ.

ಕಂಟ್ರೋಲರಿನ ಕಡೆಯ ಕನೆಕ್ಟರಿನಲ್ಲಿ ಕೆಂಪು ಮತ್ತು ಕಪ್ಪಿನ ನಡುವೆ 4.9 ವೋಲ್ಟ್ ಸಿಕ್ಕಿತು. ಮೋಟಾರಿನ ಕನೆಕ್ಟರ್ ಕಳಚಿದ ಸ್ಥಿತಿಯಲ್ಲಿ ಹಳದಿ, ಹಸಿರು, ನೀಲಿ ಮೂರೂ ಪಿನ್ನುಗಳಲ್ಲಿ ಹತ್ತಿರ ಹತ್ತಿರ 5 ವೋಲ್ಟ್ ಇತ್ತು. ಈ ಎರಡನೆಯ ಅಳತೆಯನ್ನು ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಸೆನ್ಸಾರ್ ತನ್ನ ತಂತಿಯನ್ನು ನೆಲಕ್ಕೆ, ಅಂದರೆ ಸೊನ್ನೆ ವೋಲ್ಟಿನ ಕಡೆಗೆ, ಎಳೆಯಬಲ್ಲದೇ ಹೊರತು ಮೇಲಕ್ಕೆ ಎತ್ತಲಾರದು, ಎತ್ತಿ ಹಿಡಿಯುವ ಕೆಲಸ ಕಂಟ್ರೋಲರಿನೊಳಗಿನ ರೆಸಿಸ್ಟರಿನದು. ಆ 5 ವೋಲ್ಟ್ ಮೂರೂ ಪಿನ್ನುಗಳಲ್ಲಿ ಇದೆ ಎಂದರೆ ಕಂಟ್ರೋಲರಿನ ಒಳದಾರಿ ಸರಿಯಿದೆ ಎಂದು ಬಹುಮಟ್ಟಿಗೆ ನಂಬಬಹುದು, 2,200 ರೂಪಾಯಿ ಅಲ್ಲಿಗೆ ಉಳಿಯಿತು.

ಹಂತ 2: ಪರೀಕ್ಷಾ ಹಲಗೆ

ಕಂಟ್ರೋಲರನ್ನು ನಡುವೆ ತರದೆ ಸೆನ್ಸಾರುಗಳನ್ನು ಮಾತ್ರ ನೋಡಲು ಒಂದು ಸಣ್ಣ ಹಲಗೆ ಮಾಡಿಕೊಂಡೆ. 9 ವೋಲ್ಟಿನ ಬ್ಯಾಟರಿ, ಅದನ್ನು 5 ವೋಲ್ಟಿಗೆ ಇಳಿಸಲು 7805 ಎಂಬ ರೆಗ್ಯುಲೇಟರ್ ಚಿಪ್, ಪ್ರತಿ ಸಂಕೇತದ ತಂತಿಯಿಂದ 5 ವೋಲ್ಟಿಗೆ 4.7 ಕಿಲೋಓಮ್‌ನ ಒಂದು ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ 1 ಕಿಲೋಓಮ್‌ನೊಂದಿಗೆ ಒಂದು ಎಲ್‌ಇಡಿ. ಇವೆಲ್ಲ ಹಳೆಯ ಡಬ್ಬಿಯಲ್ಲೇ ಸಿಕ್ಕವು. ಸೆನ್ಸಾರ್ ತಂತಿಯನ್ನು ನೆಲಕ್ಕೆಳೆದಾಗ ಎಲ್‌ಇಡಿ ಹತ್ತುತ್ತದೆ. ಎಲ್‌ಇಡಿ ಮಾತ್ರ ಹಾಕಿ 4.7 ಕಿಲೋಓಮ್ ಬಿಟ್ಟರೂ ದೀಪ ಹತ್ತಿ ಆರುತ್ತದೆ, ಆದರೆ ಆಗ ಮೇಲಿನ ವೋಲ್ಟೇಜ್ ಪೂರ್ತಿ 5ಕ್ಕೆ ಏರುವುದಿಲ್ಲವಾದ್ದರಿಂದ ಮುಂದೆ ಸರಾಸರಿ ಅಳೆಯುವಾಗ ಲೆಕ್ಕ ತಪ್ಪುತ್ತದೆ.

ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಚಕ್ರವನ್ನು ನಿಧಾನವಾಗಿ ತಿರುಗಿಸಿದೆ. ಹಳದಿ ಮತ್ತು ಹಸಿರಿನ ದೀಪಗಳು ಒಂದು ಸುತ್ತಿಗೆ 23 ಸಲ ಹತ್ತಿ ಆರಿದವು. ನೀಲಿಯದು ಹತ್ತಿದ್ದು ಆರಲೇ ಇಲ್ಲ, ಮೀಟರಿನಲ್ಲಿ 0.2 ವೋಲ್ಟ್‌ಗೆ ಅಂಟಿಕೊಂಡಿತ್ತು.

ಇದರಿಂದ ಗಾಡಿಯ ವರ್ತನೆ ಪೂರ್ತಿ ವಿವರಣೆಗೆ ಬಂತು. 120 ಡಿಗ್ರಿ ಅಂತರದ ಮೂರು ಸೆನ್ಸಾರುಗಳು ಸರಿಯಿದ್ದಾಗ ಕೊಡುವ ಸಂಕೇತಗಳು 101, 100, 110, 010, 011, 001 ಎಂಬ ಆರು. ಒಂದೊಂದು ಅಂಕಿ ಒಂದೊಂದು ಸೆನ್ಸಾರಿನದು, ಮೂರನೆಯದು ನೀಲಿಯದು. 1 ಎಂದರೆ ತಂತಿ 5 ವೋಲ್ಟಿನಲ್ಲಿದೆ, 0 ಎಂದರೆ ನೆಲಕ್ಕೆಳೆದಿದೆ. ಮೂರನೆಯ ಅಂಕಿ ಯಾವಾಗಲೂ ಸೊನ್ನೆಯಾದರೆ ಇವು 100, 100, 110, 010, 010, 000 ಎಂದು ಬರುತ್ತವೆ. ಆರರಲ್ಲಿ ಮೂರು ಜಾಗಗಳು ಸರಿ, ಎರಡು ಜಾಗಗಳಲ್ಲಿ ಕಂಟ್ರೋಲರಿಗೆ ತಪ್ಪು ವಿಳಾಸ, ಒಂದರಲ್ಲಿ ಇರಲೇಬಾರದ 000. ಚಕ್ರ ಸರಿಯಾದ ಜಾಗದಲ್ಲಿ ನಿಂತಿದ್ದರೆ ಗಾಡಿ ಹೊರಡುತ್ತದೆ, ಉಳಿದ ಕಡೆ ಅದುರುತ್ತದೆ ಅಥವಾ ಸುಮ್ಮನಿರುತ್ತದೆ. ಓಡುತ್ತಿರುವಾಗ ಚಕ್ರದ ವೇಗವೇ ಕೆಟ್ಟ ಜಾಗಗಳನ್ನು ದಾಟಿಸುವುದರಿಂದ ಬರಿಯ ಜಗ್ಗಾಟವಷ್ಟೇ ತಿಳಿಯುತ್ತದೆ.

ದೋಷ ಸೆನ್ಸಾರಿನಲ್ಲೋ ಆಕ್ಸಲಿನ ಬಾಯಲ್ಲಿ ಉಜ್ಜಿದ ತಂತಿಯಲ್ಲೋ ಎಂಬುದು ಬಾಕಿಯಿತ್ತು. ನೀಲಿ ತಂತಿಗೂ ಆಕ್ಸಲಿನ ಲೋಹಕ್ಕೂ ನಡುವೆ ಯಾವ ಸಂಪರ್ಕವೂ ಇರಲಿಲ್ಲ. ಮಲ್ಟಿಮೀಟರನ್ನು ಡಯೋಡ್ ಸ್ಥಾನದಲ್ಲಿಟ್ಟು, ಕೆಂಪು ಕಡ್ಡಿಯನ್ನು ಕಪ್ಪು ತಂತಿಗೂ ಕಪ್ಪು ಕಡ್ಡಿಯನ್ನು ಸಂಕೇತದ ತಂತಿಗೂ ತಾಗಿಸಿದಾಗ ಹಳದಿ, ಹಸಿರಿನಲ್ಲಿ 0.6ರ ಆಸುಪಾಸು ತೋರಿಸಿದ್ದು ನೀಲಿಯಲ್ಲಿ ಸೊನ್ನೆಯ ಹತ್ತಿರ ತೋರಿಸಿತು. ಸೆನ್ಸಾರ್ ಒಳಗೇ ಸತ್ತಿದೆ, ಚಕ್ರ ಬಿಚ್ಚದೆ ಗತ್ಯಂತರವಿಲ್ಲ.

ಹಂತ 3: ಚಕ್ರ ಮತ್ತು ಮುಚ್ಚಳ

ಆಕ್ಸಲ್ ನಟ್ಟಿಗೆ 24ರ ಸ್ಪ್ಯಾನರ್ ಬೇಕು. ನಟ್ಟಿನ ಒಳಗೆ ಆಕ್ಸಲ್ ತಿರುಗದಂತೆ ತಡೆಯುವ ಕೊಕ್ಕೆಯ ವಾಷರ್ ಇರುತ್ತದೆ. ಅದರ ಕೊಕ್ಕೆ ಯಾವ ಕಡೆ ಮುಖ ಮಾಡಿದೆ, ಯಾವ ವಾಷರಿನ ಮೇಲೆ ಯಾವುದಿದೆ ಎಂಬುದನ್ನು ಫೋಟೋ ತೆಗೆದಿಟ್ಟುಕೊಳ್ಳಬೇಕು. ಆ ವಾಷರ್ ಅದಲು ಬದಲಾದರೆ ಮೋಟಾರಿನ ತಿರುಚುವ ಬಲಕ್ಕೆ ಆಕ್ಸಲೇ ತಿರುಗಿ ಕೇಬಲ್ ತುಂಡಾಗುತ್ತದೆ.

ಚಕ್ರದ ಒಂದು ಬದಿಯಲ್ಲಿ ಬ್ರೇಕ್ ಡ್ರಮ್, ಇನ್ನೊಂದು ಬದಿಯಲ್ಲಿ ಕೇಬಲ್. ಬಿಚ್ಚಬೇಕಾದದ್ದು ಕೇಬಲಿನ ಬದಿಯ ಮುಚ್ಚಳವನ್ನು. ಮುಚ್ಚಳಕ್ಕೂ ಹಬ್ಬಿಗೂ ಅಡ್ಡಲಾಗಿ ಪಂಚಿನಿಂದ ಎರಡು ಚುಕ್ಕಿ ಹೊಡೆದು ಗುರುತು ಮಾಡಿಕೊಂಡೆ. ಎಂ6 ಬೋಲ್ಟುಗಳಿಗೆ 5 ಮಿಲಿಮೀಟರಿನ ಅಲೆನ್ ಕೀ ಸಾಕು, ಆದರೆ ಕೆಂಪು ಮಣ್ಣಿನ ರಾಡಿ ತಲೆಯೊಳಗೆ ಗಟ್ಟಿಯಾಗಿ ಕೂತಿತ್ತು. ಸೂಜಿಯಿಂದ ಕೆದಕಿ ತೆಗೆದು, ಡಬ್ಲ್ಯುಡಿ-40 ಹೊಡೆದು ರಾತ್ರಿಯಿಡೀ ಬಿಟ್ಟ ಮೇಲೂ ಎರಡು ಬೋಲ್ಟುಗಳ ತಲೆ ಸವೆದು ಕೀ ಜಾರತೊಡಗಿತು. ನಕ್ಷತ್ರದ ಆಕಾರದ ಟಾರ್ಕ್ಸ್ ಟಿ30 ಬಿಟ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದಾಗ ಅವೂ ಬಿಟ್ಟುಕೊಟ್ಟವು. ಹಳೆಯ ಬೋಲ್ಟುಗಳನ್ನು ಮತ್ತೆ ಬಳಸುವ ಯೋಚನೆ ಅಲ್ಲಿಗೇ ಮುಗಿಯಿತು, ಸ್ಟೇನ್‌ಲೆಸ್ ಬೋಲ್ಟುಗಳಿಗೆ 60 ರೂಪಾಯಿ.

ಹಂತ 4: ಸ್ಟೇಟರ್ ಎಳೆಯುವುದು

ಬೋಲ್ಟ್ ತೆಗೆದ ಮಾತ್ರಕ್ಕೆ ಮುಚ್ಚಳ ಬರುವುದಿಲ್ಲ. ಬಿಗಿಯಾಗಿ ಕೂತ ಭಾಗವನ್ನು ಎಳೆದು ತೆಗೆಯುವ ಮೂರು ಕಾಲಿನ ಪುಲ್ಲರ್ ಬೇಕು. ಅಡಿಕೆ ತೋಟದ ಪಂಪ್‌ಸೆಟ್ಟುಗಳನ್ನು ಸುತ್ತಿಕೊಡುವ ಊರಿನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಅದು ಎರವಲಿಗೆ ಸಿಕ್ಕಿತು. ಕೆಲಸವನ್ನೇ ವಹಿಸಿಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ ಅಂಗಡಿಯವರು, "ಸುತ್ತೋದಾದ್ರೆ ಕೊಡಿ ಮಾರಾಯ್ರೇ, ಸೆನ್ಸಾರ್ ಗಿನ್ಸಾರ್ ನಮ್ಗೆ ಗೊತ್ತಿಲ್ಲ" ಎಂದರು. ಪುಲ್ಲರಿನ ಜೊತೆಗೆ ಒಂದು ಬಾಟಲಿಯಲ್ಲಿ ಕೆಂಪು ಇನ್ಸುಲೇಟಿಂಗ್ ವಾರ್ನಿಷನ್ನೂ ಹಾಕಿ ಕೊಟ್ಟರು, ಅದು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಆಕ್ಸಲಿನ ತುದಿಯ ಎಳೆ ಕೆಡದಂತೆ ನಟ್ಟನ್ನು ತಿರುವಿ ತುದಿಗೆ ಸಮನಾಗಿ ನಿಲ್ಲಿಸಿ, ಅದರ ಮೇಲೆ ಪುಲ್ಲರಿನ ಮೊನೆ ಇಟ್ಟು, ಕಾಲುಭಾಗ ಸುತ್ತಿನಂತೆ ಬಿಗಿ ಮಾಡುತ್ತಾ ಹೋದೆ. ಮುಚ್ಚಳ ಬಂದ ಮೇಲೆ ಅಯಸ್ಕಾಂತಗಳ ಉಂಗುರದಿಂದ ಸ್ಟೇಟರನ್ನು, ಅಂದರೆ ತಾಮ್ರದ ಸುತ್ತುಗಳಿರುವ ತಿರುಗದ ಭಾಗವನ್ನು, ಹೊರಗೆಳೆಯುವುದು ಬೇರೆ ಕೆಲಸ. ಅಯಸ್ಕಾಂತದ ಸೆಳೆತ ಎಷ್ಟಿರುತ್ತದೆಂದರೆ ಹೊರಬರುತ್ತಿರುವ ಸ್ಟೇಟರ್ ಕೈ ತಪ್ಪಿದರೆ ಮತ್ತೆ ಒಳಕ್ಕೆ ಬಡಿದುಕೊಳ್ಳುತ್ತದೆ, ನಡುವೆ ಬೆರಳಿದ್ದರೆ ಅದು ಉಳಿಯುವುದಿಲ್ಲ. ಸ್ಟೇಟರಿಗೂ ಹಬ್ಬಿನ ಅಂಚಿಗೂ ನಡುವೆ ಮರದ ಬೆಣೆಗಳನ್ನು ತೂರಿಸುತ್ತಾ, ಬೆರಳು ಎಂದೂ ಒಳಗೆ ಹೋಗದಂತೆ ನೋಡಿಕೊಂಡು ಎತ್ತಬೇಕು.

ಒಳಗಿನ ಸ್ಥಿತಿ ನಿರೀಕ್ಷಿಸಿದಂತೆಯೇ ಇತ್ತು. ತಳದಲ್ಲಿ ಚಹಾದ ಬಣ್ಣದ ನೀರು, ಅಯಸ್ಕಾಂತಗಳ ಅಂಚಿನಲ್ಲಿ ತುಕ್ಕು, ಸ್ಟೇಟರಿನ ಹಲ್ಲುಗಳ ಮೇಲೆ ಕಂದು ಪುಡಿ. ಅಯಸ್ಕಾಂತಗಳನ್ನು ಎಣಿಸಿದಾಗ 46 ಇದ್ದವು, ಸ್ಟೇಟರಿನ ಹಲ್ಲುಗಳ ನಡುವಿನ ತೋಡುಗಳು 51. 46ರ ಅರ್ಧ 23 ಆದ್ದರಿಂದ ಹಲಗೆಯಲ್ಲಿ ಕಂಡ ಲೆಕ್ಕಕ್ಕೂ ಇದಕ್ಕೂ ತಾಳೆಯಾಯಿತು. ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿ ಒರೆಸಿದರೆ ಹೋಗುವುದಿಲ್ಲ, ಮಾಸ್ಕಿಂಗ್ ಟೇಪನ್ನು ಒತ್ತಿ ಕಿತ್ತರೆ ಅದರೊಂದಿಗೆ ಬರುತ್ತದೆ.

ನೀಲಿ ಸೆನ್ಸಾರಿನ ನಡುವಿನ ಕಾಲು ಪೂರ್ತಿ ಹಸಿರುಗಟ್ಟಿತ್ತು. ಉಗುರಿನಿಂದ ಮುಟ್ಟಿದಾಗ ಬೆಸುಗೆಯ ಬುಡದಲ್ಲೇ ಮುರಿದು ಕೈಗೆ ಬಂತು.

ಹಂತ 5: ಹಳೆಯ ಸೆನ್ಸಾರ್ ತೆಗೆಯುವುದು

ಸೆನ್ಸಾರುಗಳು ಸ್ಟೇಟರಿನ ಹಲ್ಲಿನಲ್ಲಿ ಕೊರೆದ ಸಣ್ಣ ಕಚ್ಚುಗಳಲ್ಲಿ ಎಪಾಕ್ಸಿಯಲ್ಲಿ ಹೂತಿರುತ್ತವೆ. ತೆಗೆಯುವ ಮೊದಲು ಪ್ರತಿಯೊಂದರ ಅಕ್ಷರವಿರುವ ಮುಖ ಅಯಸ್ಕಾಂತದ ಕಡೆಗಿದೆಯೋ ಒಳಗಡೆಗಿದೆಯೋ ಎಂದು ನೋಡಿ ಬರೆದಿಟ್ಟುಕೊಳ್ಳಬೇಕು. ಕೆಲವು ಮೋಟಾರುಗಳಲ್ಲಿ ನಡುವಿನದನ್ನು ಉಲ್ಟಾ ಕೂರಿಸಿರುತ್ತಾರೆ. ಮುಖ ಬದಲಾದರೆ ಸಂಕೇತ ಪೂರ್ತಿ ತಲೆಕೆಳಗಾಗುತ್ತದೆ. ನನ್ನದರಲ್ಲಿ ಮೂರೂ ಒಂದೇ ಕಡೆ ಮುಖ ಮಾಡಿದ್ದವು.

ಉಳಿಯಿಂದ ಎಪಾಕ್ಸಿ ಕೆತ್ತಲು ಹೋಗಬಾರದು. ಪಕ್ಕದಲ್ಲೇ ತಾಮ್ರದ ಸುತ್ತು ಇದೆ, ಅದರ ಎನಾಮೆಲ್ ಒಂದು ಕಡೆ ಸುಲಿದರೂ ಮೋಟಾರ್ ನಿಜವಾಗಿಯೂ ಹಾಳಾಗುತ್ತದೆ. 60 ವ್ಯಾಟಿನ ಸೋಲ್ಡರಿಂಗ್ ಐರನ್ನಿನ ಹಳೆಯ ಮೊನೆಯನ್ನು ಸೆನ್ಸಾರಿನ ಮೈಗೆ ಒತ್ತಿ ಹಿಡಿದರೆ ಎಪಾಕ್ಸಿ ರಬ್ಬರಿನಂತೆ ಮೆತ್ತಗಾಗುತ್ತದೆ, ಆಗ ಸೆನ್ಸಾರನ್ನು ಚಿಮಟದಿಂದ ಎತ್ತಿ ಕಚ್ಚನ್ನು ಟೂತ್‌ಪಿಕ್ಕಿನಿಂದ ಶುಚಿ ಮಾಡಬಹುದು. ಕಿಟಕಿ ತೆಗೆದಿಡಬೇಕು, ಹೊಗೆ ಗಂಟಲಿಗೆ ಕೂರುತ್ತದೆ.

ಈ ಹಂತದಲ್ಲಿ ತೆಗೆದದ್ದು ನೀಲಿ ಒಂದನ್ನೇ. ಸರಿಯಿರುವ ಎರಡನ್ನು ಏಕೆ ಕೆದಕಬೇಕು ಎಂಬುದು ಆಗಿನ ತರ್ಕ.

ಹಂತ 6: 3144 ಹಾಕಿ ನೋಡಿದ್ದು

ಹಳೆಯ ಸೆನ್ಸಾರಿನ ಮೇಲೆ ಭೂತಗನ್ನಡಿಯಲ್ಲಿ 41 ಎಂಬ ಅಂಕಿ ಮಾತ್ರ ಓದಲು ಬಂತು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕೇಳಿದಾಗ ಹಾಲ್ ಸೆನ್ಸಾರ್ ಎಂದರೆ ಎಲ್ಲ ಒಂದೇ ಎಂದು ಹೇಳಿ ಎ3144 ಕೊಟ್ಟರು, ಬೆಲೆ 15 ರೂಪಾಯಿ. ಆಕಾರ ಅದೇ, ಮೂರು ಕಾಲುಗಳ ಕ್ರಮವೂ ಅದೇ: ಅಕ್ಷರ ನಮ್ಮ ಕಡೆಗಿದ್ದಾಗ ಎಡದ್ದು 5 ವೋಲ್ಟ್, ನಡುವಿನದು ನೆಲ, ಬಲದ್ದು ಸಂಕೇತ. ಹಾಕಿ, ನಾಲ್ಕು ಬೋಲ್ಟುಗಳಲ್ಲಿ ಮುಚ್ಚಳ ನಿಲ್ಲಿಸಿ, ಹಲಗೆಗೆ ಜೋಡಿಸಿದೆ. ಮೂರೂ ದೀಪಗಳು ಹತ್ತಿ ಆರಿದವು. ಆರೂ ಸಂಕೇತಗಳು ಸರಿಯಾದ ಸರದಿಯಲ್ಲೇ ಬಂದವು, 000 ಅಥವಾ 111 ಎಲ್ಲೂ ಕಾಣಲಿಲ್ಲ. ಹಲಗೆಯ ಪ್ರಕಾರ ಮೋಟಾರ್ ಪಾಸು.

ಕಂಟ್ರೋಲರಿಗೆ ಜೋಡಿಸಿ ಚಕ್ರ ಎತ್ತಿಟ್ಟು ಓಡಿಸಿದಾಗ ಯಾವ ಜಾಗದಿಂದಲೂ ಹೊರಟಿತು, ಆದರೆ ಒರಟು ಸದ್ದು ಹೋಗಲಿಲ್ಲ. ಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ ಬ್ಯಾಟರಿಯ ತಂತಿ ಹಿಡಿದಾಗ ಭಾರವಿಲ್ಲದ ಪೂರ್ಣ ವೇಗದಲ್ಲಿ 2.9 ಆಂಪಿಯರ್. ಗಾಡಿ ಹೊಸದಿದ್ದಾಗ ಕುತೂಹಲಕ್ಕೆ ಅಳೆದು ಸರ್ವಿಸ್ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದ ಅಂಕಿ 1.2. ಐದು ನಿಮಿಷ ಓಡಿದ ಮೇಲೆ ಮುಚ್ಚಳ ಮುಟ್ಟಿದರೆ ಬೆಚ್ಚಗಾಗಿತ್ತು, ಭಾರವಿಲ್ಲದೆ ತಿರುಗುವ ಮೋಟಾರ್ ಹಾಗೆ ಬೆಚ್ಚಗಾಗಬಾರದು.

ಆರು ಸಂಕೇತಗಳು ಬಂದರೆ ಸಾಕು ಎಂದು ಎಲ್ಲ ಕಡೆ ಹೇಳಿರುತ್ತಾರೆ, ಆದರೆ ಅಷ್ಟು ಸಾಲದು. ಪ್ರತಿ ಸಂಕೇತವೂ ಎಷ್ಟು ಹೊತ್ತು ಇರುತ್ತದೆ ಎಂಬುದೂ ಮುಖ್ಯ, ಅದನ್ನು ಕಣ್ಣಿನಿಂದ ಅಳೆಯಲಾಗದು. ಇದಕ್ಕೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇಲ್ಲದವರೂ ಮಾಡಬಹುದಾದ ಒಂದು ಅಳತೆಯಿದೆ. ಫೇಸ್ ತಂತಿಗಳನ್ನು ಕಳಚಿ, ಸೆನ್ಸಾರಿನ ತಂತಿಗಳನ್ನು ಹಲಗೆಗೆ ಜೋಡಿಸಿ, ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿ ಬಿಟ್ಟು, ಅದು ತಿರುಗುತ್ತಿರುವಾಗ ಮಾಮೂಲಿ ಮಲ್ಟಿಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ಒಂದೊಂದು ಸಂಕೇತದ ತಂತಿಯನ್ನು ಮುಟ್ಟಬೇಕು. ಸೆಕೆಂಡಿಗೆ ಹಲವು ಹತ್ತು ಸಲ ಏರಿಳಿಯುವ ವೋಲ್ಟೇಜನ್ನು ಮೀಟರ್ ಹಿಂಬಾಲಿಸಲಾರದು, ಸರಾಸರಿ ತೋರಿಸುತ್ತದೆ. ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ ಇರುವ ಸೆನ್ಸಾರಿನಲ್ಲಿ ಅದು 5ರ ಅರ್ಧದ ಆಸುಪಾಸು ನಿಲ್ಲಬೇಕು. ಹಳದಿ 2.5, ಹಸಿರು 2.6. ನೀಲಿ 3.4.

ಅಂದರೆ ಹೊಸ ಸೆನ್ಸಾರ್ ಒಟ್ಟು ಹೊತ್ತಿನ ಮೂರರಲ್ಲಿ ಎರಡು ಭಾಗ ಮೇಲೇ ಇರುತ್ತಿತ್ತು. ಕಾರಣ ಅದರ ಜಾತಿಯಲ್ಲಿದೆ. 3144 ದಕ್ಷಿಣ ಧ್ರುವ ಹತ್ತಿರ ಬಂದಾಗ ಮಾತ್ರ ಕೆಳಕ್ಕೆಳೆದು, ಅದು ದೂರವಾದ ಕೂಡಲೇ ಬಿಟ್ಟುಬಿಡುವ ಸ್ವಿಚ್. ಬಾಗಿಲು ಮುಚ್ಚಿದೆಯೇ ತೆರೆದಿದೆಯೇ ಎಂದು ನೋಡಲು, ಚಕ್ರದ ಸುತ್ತುಗಳನ್ನು ಎಣಿಸಲು ಅದು ಚೆನ್ನಾಗಿದೆ. ಈ ಮೋಟಾರಿಗೆ ಬೇಕಾದದ್ದು ಲ್ಯಾಚ್: ದಕ್ಷಿಣ ಧ್ರುವ ಬಂದಾಗ ಕೆಳಕ್ಕಿಳಿದು, ಅದು ಹೋದ ಮೇಲೂ ಅಲ್ಲೇ ಉಳಿದು, ಉತ್ತರ ಧ್ರುವ ಬಂದಾಗಲೇ ಮೇಲೇಳುವಂಥದ್ದು. ಉತ್ತರ ದಕ್ಷಿಣ ಸರದಿಯಲ್ಲಿ ಜೋಡಿಸಿದ ಅಯಸ್ಕಾಂತಗಳ ಉಂಗುರದಲ್ಲಿ ಲ್ಯಾಚ್ ಮಾತ್ರವೇ ಸಮಪಾಲು ಕೊಡುತ್ತದೆ. ಸ್ವಿಚ್ಚಿನ ಕೆಳಗಿನ ಪಾಲು ಎರಡೂ ಅಂಚಿನಲ್ಲಿ ಕುಗ್ಗಿ, 100 ಮತ್ತು 010ರ ಭಾಗಗಳು ಕಿರಿದಾಗಿ, 101 ಅವಧಿ ಮೀರಿ ಉಳಿಯುತ್ತಿತ್ತು, 011 ಅವಧಿಗೆ ಮೊದಲೇ ಬರುತ್ತಿತ್ತು. ಎಲ್ಲ ಸಂಕೇತಗಳೂ ಕ್ರಮಬದ್ಧವೇ, ಆದರೆ ಕಂಟ್ರೋಲರ್ ಪ್ರತಿ ಸುತ್ತಿನಲ್ಲೂ ಕೆಲವು ಕಡೆ ಹೊತ್ತಲ್ಲದ ಹೊತ್ತಿಗೆ ಫೇಸ್ ಬದಲಿಸುತ್ತಿತ್ತು. ಹೆಚ್ಚಿನ 1.7 ಆಂಪಿಯರ್ ಶಾಖವಾಗಿ ಹೋಗುತ್ತಿದ್ದದ್ದು ಹೀಗೆ.

ಹಂತ 7: 41ಎಫ್, ಮೂರೂ ಒಟ್ಟಿಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 41ಎಫ್ ಎಂಬ ಲ್ಯಾಚ್ ಸೆನ್ಸಾರುಗಳನ್ನು ಕೊರಿಯರಿನಲ್ಲಿ ತರಿಸಿದೆ. ಒಂದಕ್ಕೆ 40 ರೂಪಾಯಿ, ಎರಡು ಹೆಚ್ಚಿಗೆ ಸೇರಿಸಿ ಐದು. ಈ ಸಲ ಸರಿಯಿದ್ದ ಎರಡನ್ನೂ ತೆಗೆದುಹಾಕಿದೆ. ಒಂದೇ ನೀರಿನಲ್ಲಿ ನೆನೆದ ಮೂರರಲ್ಲಿ ಒಂದು ಸತ್ತಿದ್ದರೆ ಉಳಿದೆರಡರ ಕಾಲುಗಳಿಗೂ ಹಸಿರು ಹತ್ತಲು ಶುರುವಾಗಿರುತ್ತದೆ, ಮತ್ತೆ ಸ್ಟೇಟರ್ ಎಳೆಯುವ ಶ್ರಮದ ಮುಂದೆ 80 ರೂಪಾಯಿ ಲೆಕ್ಕಕ್ಕಿಲ್ಲ.

ಕೂರಿಸುವ ಮೊದಲು ಐದನ್ನೂ ಮೇಜಿನ ಮೇಲೆ ಪರೀಕ್ಷಿಸಿದೆ. ಹಲಗೆಗೆ ಜೋಡಿಸಿ ಅಯಸ್ಕಾಂತದ ಒಂದು ಮುಖವನ್ನು ತೋರಿಸಿದರೆ ದೀಪ ಹತ್ತಬೇಕು, ಅಯಸ್ಕಾಂತವನ್ನು ದೂರ ಒಯ್ದರೂ ಹತ್ತಿಯೇ ಇರಬೇಕು, ಇನ್ನೊಂದು ಮುಖ ತೋರಿಸಿದಾಗ ಆರಬೇಕು. 3144 ಆದರೆ ಅಯಸ್ಕಾಂತ ದೂರವಾದಾಗಲೇ ಆರಿಹೋಗುತ್ತದೆ. ಐದೂ ಪಾಸಾದವು.

ಕಾಲುಗಳಿಗೆ ಟೆಫ್ಲಾನ್ ಹೊದಿಕೆಯ ಸಣ್ಣ ತಂತಿ ಬೆಸೆದು, ಒಂದೊಂದು ಕಾಲಿಗೂ ಪ್ರತ್ಯೇಕ ಹೀಟ್‌ಶ್ರಿಂಕ್ ಸ್ಲೀವ್ ಹಾಕಿದೆ. ಮಾಮೂಲಿ ಪಿವಿಸಿ ತಂತಿಯನ್ನು ಮೊದಲು ಬಳಸಿದಾಗ ಬೆಸುಗೆಯ ಶಾಖಕ್ಕೆ ಹೊದಿಕೆ ಹಿಂದಕ್ಕೆ ಸರಿದು ಬರಿತಾಮ್ರ ಕಂಡಿತು, ಕತ್ತರಿಸಿ ತೆಗೆದು ಟೆಫ್ಲಾನಿಗೆ ಹೋದದ್ದು ಅದಕ್ಕೆ. ಐರನ್ನಿನ ಮೊನೆ ಒಂದು ಕಾಲಿನ ಮೇಲೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಕಾಲನ್ನು ಸೆನ್ಸಾರಿನ ಮೈಯ ಹತ್ತಿರ ಚಿಮಟದಿಂದ ಹಿಡಿದುಕೊಂಡರೆ ಶಾಖ ಒಳಗೆ ಹೋಗುವುದೂ ಕಡಿಮೆಯಾಗುತ್ತದೆ.

ಅಂಟಿಗೆ ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆಯನ್ನು ಬಿಟ್ಟು ರಾತ್ರಿಯಿಡೀ ಒಣಗುವ ಮಾಮೂಲಿ ಅರಾಲ್ಡೈಟ್ ಬಳಸಿದೆ, ಬೇಗ ಹಿಡಿಯುವ ಅಂಟು ಮೋಟಾರಿನ ಶಾಖಕ್ಕೆ ಮೆತ್ತಗಾಗುತ್ತದೆ. ಸ್ಟೇಟರಿಗೂ ಅಯಸ್ಕಾಂತಕ್ಕೂ ನಡುವೆ ಒಂದು ಮಿಲಿಮೀಟರಿಗಿಂತ ಕಡಿಮೆ ಜಾಗ ಇರುವುದರಿಂದ ಸೆನ್ಸಾರಿನ ಮುಖವಾಗಲಿ ಅಂಟಿನ ಉಬ್ಬಾಗಲಿ ಹಲ್ಲಿನ ಮಟ್ಟಕ್ಕಿಂತ ಕೂದಲಿನಷ್ಟೂ ಮೇಲೆ ಬರಬಾರದು. ಸ್ಟೀಲ್ ಸ್ಕೇಲನ್ನು ಹಲ್ಲುಗಳ ಮೇಲೆ ಅಡ್ಡಲಾಗಿ ಹಿಡಿದು ಹಿಂದಿನಿಂದ ಟಾರ್ಚ್ ಬಿಟ್ಟರೆ ಎಲ್ಲಿ ಎತ್ತರವಿದೆ ಎಂದು ಕಾಣುತ್ತದೆ. ಹಳದಿಯ ಮೇಲೆ ಅಂಟು ಉಬ್ಬಿತ್ತು, ಒಣಗಿದ ಮೇಲೆ ನಯವಾದ ಅರದಿಂದ ಉಜ್ಜಿ ಸಮ ಮಾಡಿದೆ. ಕೊನೆಗೆ ಬೆಸುಗೆಗಳ ಮೇಲೂ ಸುತ್ತಿನ ತುಕ್ಕು ಹಿಡಿದ ಭಾಗಗಳ ಮೇಲೂ ಕೆಂಪು ವಾರ್ನಿಷ್ ಎರಡು ಕೋಟು.

ಹಂತ 8: ನೀರು ಬಂದ ದಾರಿ

ಸೆನ್ಸಾರ್ ಬದಲಿಸಿ ಮುಚ್ಚಿದರೆ ಮುಂದಿನ ಆಷಾಢಕ್ಕೆ ಇದೇ ಕೆಲಸ ಮತ್ತೆ ಬರುತ್ತದೆ. ನೀರು ಮೂರು ಕಡೆಯಿಂದ ಬಂದಿರಬಹುದಿತ್ತು: ಬೇರಿಂಗ್, ಮುಚ್ಚಳದ ಅಂಚು, ಕೇಬಲ್ ಹೊರಬರುವ ಟೊಳ್ಳು ಆಕ್ಸಲ್.

ಬೇರಿಂಗಿನ ಮೇಲೆ 6203ಝಡ್‌ಝಡ್ ಎಂದಿತ್ತು. ಆ ಲೋಹದ ತಗಡು ಧೂಳನ್ನು ತಡೆಯುತ್ತದೆ, ನೀರನ್ನಲ್ಲ. 17 ಮಿಲಿಮೀಟರ್ ಒಳವ್ಯಾಸ, 40 ಹೊರವ್ಯಾಸ, 12 ದಪ್ಪದ ಅದೇ ಅಳತೆಯಲ್ಲಿ ರಬ್ಬರ್ ಸೀಲ್ ಇರುವ 6203-2ಆರ್‌ಎಸ್ 180 ರೂಪಾಯಿಗೆ ಸಿಕ್ಕಿತು. ಹೊರಬಳೆಯ ಮೇಲೆ ಹಳೆಯ ಬೇರಿಂಗನ್ನೇ ಇಟ್ಟು ಮರದ ಸುತ್ತಿಗೆಯಿಂದ ತಟ್ಟಿ ಕೂರಿಸಿದೆ.

ಮುಚ್ಚಳದ ಅಂಚಿಗೆ ಸಿಲಿಕೋನ್ ಹಚ್ಚುವಾಗ ವಿನೆಗರ್ ವಾಸನೆ ಬರುವ ಬಗೆಯನ್ನು ತರಬಾರದು. ಒಣಗುವಾಗ ಅದರಿಂದ ಹೊರಬರುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ, ಮುಚ್ಚಿದ ಮೋಟಾರಿನೊಳಗೆ ಅದಕ್ಕೆ ಹೋಗಲು ಬೇರೆ ದಾರಿಯಿಲ್ಲ. ನ್ಯೂಟ್ರಲ್ ಎಂದು ಬರೆದಿರುವ ಟ್ಯೂಬಿಗೆ ಸ್ವಲ್ಪ ಹೆಚ್ಚು ಬೆಲೆ, 160 ರೂಪಾಯಿ.

ಮುಖ್ಯ ದಾರಿ ಮೂರನೆಯದೇ. ಕೇಬಲ್ ಆಕ್ಸಲಿನಿಂದ ಹೊರಬಂದು ನೇರ ಮೇಲಕ್ಕೆ ಸೀಟಿನ ಕಡೆ ಹೋಗುತ್ತದೆ. ಮಳೆಯ ನೀರು ಕೇಬಲಿನ ಮೈಗುಂಟ ಇಳಿದು ನೇರವಾಗಿ ಆಕ್ಸಲಿನ ಬಾಯಿಗೆ ಬೀಳುತ್ತದೆ. ಇದು ತಯಾರಿಕೆಯ ಹಂತದಲ್ಲೇ ಕೇಬಲನ್ನು ಆಕ್ಸಲಿಗಿಂತ ಕೆಳಗೆ ಇಳಿಸಿ ಒಯ್ದಿದ್ದರೆ ತಪ್ಪುತ್ತಿದ್ದ ತೊಂದರೆ, ಇಷ್ಟು ಮಳೆ ಸುರಿಯುವ ಊರುಗಳಿಗೆ ಮಾರುವ ಗಾಡಿಯಲ್ಲಿ ಅಷ್ಟು ಅಸಡ್ಡೆ ಮಾಡಬಾರದಿತ್ತು. ಸೀಟಿನ ಕೆಳಗೆ ಮಡಚಿಟ್ಟಿದ್ದ ಕೇಬಲನ್ನು ಬಿಡಿಸಿ ಕೆಳಕ್ಕೆ ತಂದು, ಆಕ್ಸಲಿಗಿಂತ ನಾಲ್ಕು ಬೆರಳು ಕೆಳಗೆ ಒಂದು ಬಳಸು ಕೊಟ್ಟು ಮತ್ತೆ ಮೇಲಕ್ಕೆ ಒಯ್ದು ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೆ ಕಟ್ಟಿದೆ. ಈಗ ನೀರು ಬಳಸಿನ ತಳದಲ್ಲಿ ತೊಟ್ಟಿಕ್ಕುತ್ತದೆ. ಆಕ್ಸಲಿನ ಬಾಯಿಗೂ ಒಳಗಿನಿಂದ ಸಿಲಿಕೋನ್ ತುಂಬಿದೆ.

ಮುಚ್ಚಳದಲ್ಲಿ ಸಣ್ಣ ತೂತು ಕೊರೆದು ನೀರು ಹೊರಹೋಗಲು ಬಿಡಿ ಎಂಬ ಸಲಹೆಯನ್ನು ಪಾಲಿಸಲಿಲ್ಲ. ನಮ್ಮ ರಸ್ತೆಗಳಲ್ಲಿ ಚಕ್ರ ಅರ್ಧ ಮುಳುಗುವ ಗುಂಡಿಗಳಿವೆ, ನೀರು ಹೊರಬರುವ ತೂತಿನಲ್ಲಿ ಒಳಗೂ ಹೋಗುತ್ತದೆ.

ಹಂತ 9: ಜೋಡಣೆ ಮತ್ತು ಅಳತೆ

ಸ್ಟೇಟರನ್ನು ಒಳಗಿಳಿಸುವಾಗ ಅಯಸ್ಕಾಂತ ಅದನ್ನು ಓರೆಯಾಗಿ ಸೆಳೆದು ಹೊಸ ಸೆನ್ಸಾರುಗಳ ಮೇಲೇ ಬಡಿಯುವ ಅಪಾಯವಿದೆ. 60 ಮಿಲಿಮೀಟರ್ ಉದ್ದದ ನಾಲ್ಕು ಎಂ6 ಬೋಲ್ಟುಗಳ ತಲೆ ಕತ್ತರಿಸಿ ಹಬ್ಬಿಗೆ ತಿರುವಿ, ಮುಚ್ಚಳ ಅವುಗಳ ಮೇಲೆ ಜಾರುತ್ತಾ ನೇರವಾಗಿ ಇಳಿಯುವಂತೆ ಮಾಡಿದೆ. ಪುಲ್ಲರನ್ನು ಹಾಗೇ ಹಿಡಿಸಿಟ್ಟು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬಂದರೆ ಸೆಳೆತ ಕೈಮೀರುವುದಿಲ್ಲ.

ತಿರುಗುವಾಗಿನ ಸರಾಸರಿ ಹಳದಿಯಲ್ಲಿ 2.5, ಹಸಿರಿನಲ್ಲಿ 2.5, ನೀಲಿಯಲ್ಲಿ 2.6 ವೋಲ್ಟ್. ಭಾರವಿಲ್ಲದ ಪೂರ್ಣ ವೇಗದಲ್ಲಿ 1.3 ಆಂಪಿಯರ್, ಹಳೆಯ 1.2ಕ್ಕಿಂತ ಹೆಚ್ಚಾದ ಅಷ್ಟು ಹೊಸ ಬೇರಿಂಗಿನ ರಬ್ಬರ್ ಸೀಲಿನ ಬಿಗಿತಕ್ಕೆ ಸೇರಬೇಕು. ಒರಟು ಸದ್ದು ಪೂರ್ತಿ ಹೋಯಿತು. ಜೋಗದ ರಸ್ತೆಯ ಏರಿನಲ್ಲಿ ನಿಲ್ಲಿಸಿ ಹೊರಡಿಸಿದರೂ ಅದುರಲಿಲ್ಲ, ಮನೆಗೆ ಬಂದ ಮೇಲೆ ಮುಚ್ಚಳ ಉಗುರು ಬೆಚ್ಚಗಿತ್ತು.

ಒಟ್ಟು ಖರ್ಚು 925 ರೂಪಾಯಿ: ಐದು ಲ್ಯಾಚ್ ಸೆನ್ಸಾರುಗಳಿಗೆ 200, ಕೊರಿಯರಿಗೆ 70, ಉಪಯೋಗಕ್ಕೆ ಬಾರದ 3144ಕ್ಕೆ 15, ಬೇರಿಂಗಿಗೆ 180, ಅರಾಲ್ಡೈಟಿಗೆ 90, ಸಿಲಿಕೋನಿಗೆ 160, ಟೆಫ್ಲಾನ್ ತಂತಿ ಮತ್ತು ಸ್ಲೀವಿಗೆ 150, ಬೋಲ್ಟುಗಳಿಗೆ 60. ವಾರ್ನಿಷಿಗೆ ಅಂಗಡಿಯವರು ದುಡ್ಡು ತೆಗೆದುಕೊಳ್ಳಲಿಲ್ಲ.

ಬ್ರೇಕ್ ಬದಿಯ ಬೇರಿಂಗ್ ಇನ್ನೂ ಹಳೆಯ ತಗಡಿನದೇ ಇದೆ. ಅದನ್ನು ಬದಲಿಸಲು ಡ್ರಮ್ಮಿನ ಬದಿಯನ್ನೂ ಬಿಚ್ಚಬೇಕಾದ್ದರಿಂದ ಮಳೆ ಬಿಟ್ಟ ಮೇಲೆ ಬ್ರೇಕ್ ಶೂ ಬದಲಿಸುವಾಗ ಒಟ್ಟಿಗೆ ಮಾಡುವುದೆಂದು ಬಿಟ್ಟಿದ್ದೇನೆ. ಸೀಟಿನ ಕೆಳಗಿನ ಐದು ಪಿನ್ನಿನ ಬಿಳಿ ಕನೆಕ್ಟರಿನಲ್ಲೂ ಎರಡು ಪಿನ್ನುಗಳು ಕಪ್ಪಾಗಿವೆ. ಅದಕ್ಕೆ ಬದಲು ರಬ್ಬರ್ ಸೀಲ್ ಇರುವ ಕನೆಕ್ಟರ್ ತರಿಸಿದ್ದೇನೆ, ಅದರ ಪಿನ್ ಒತ್ತುವ ಕ್ರಿಂಪಿಂಗ್ ಟೂಲ್ ಸಿಕ್ಕ ಮೇಲೆ ಆ ಕೆಲಸ.